ಗುಳಿಗೆ ಸಿಕ್ಕಿತು, ಬದುಕು ಸಿಕ್ಕಿತೇ?
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಎಚ್‌ಐವಿ ಎಂದೊಡನೆ ಸಾವು ಎನ್ನುತ್ತಿದ್ದ ಕಾಲ ಹೋಯಿತು. ಪರದೇಶದ ಕಂಪನಿಗಳು ವರ್ಷಕ್ಕೆ 10,000 ಡಾಲರಿಗೂ ಮೇಲೆ ಮಾರುತ್ತಿದ್ದ ಔಷಧವನ್ನು 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯು 350 ಡಾಲರಿಗೆ ಕೊಡುವೆನೆಂದಿತು. 2004ರ ಏಪ್ರಿಲ್‌ನಲ್ಲಿ, ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಪುಕ್ಕಟೆಯಾಗಿ ಕೊಡಲು ಮೊದಲಾಯಿತು.

ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಗುಳಿಗೆ. ಅದರೊಳಗೆ ಮೂರು ಔಷಧಗಳಿವೆ. ತಪ್ಪದೆ ನುಂಗಿದರೆ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದಿರುವವರೆಗೆ ದಾಂಪತ್ಯದಿಂದ ಗಂಡನಿಗಾಗಲಿ ಹೆಂಡತಿಗಾಗಲಿ ಅಂಟುವುದಿಲ್ಲ. ನಿಲ್ಲಿಸಿದರೆ ಮತ್ತೆ ಏರುತ್ತದೆ.

ಸರಿ, ಗುಳಿಗೆ ಪುಕ್ಕಟೆ. ಅದನ್ನು ತರಲು ಹೋದ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? ಬಸ್ಸಿನ ಚಾರ್ಜನ್ನು? ನೆರೆಯವರು ಕಂಡಾರೆಂದು ಹತ್ತಿರದ ಕೇಂದ್ರ ಬಿಟ್ಟು ದೂರದ ಊರಿಗೆ ಹೋಗುವವರುಂಟು. ರಾತ್ರಿ ಪಾಳಿಯವನು ಗುಳಿಗೆಯನ್ನು ಬುತ್ತಿಯಲ್ಲಿ ಬಚ್ಚಿಟ್ಟು ತರುತ್ತಾನೆ. ಪಕ್ಕದವನು ನೋಡಿದನೆಂದು ಆ ದಿನ ನುಂಗದೆ ಬಿಡುತ್ತಾನೆ. ನಮ್ಮ ಪಿಸುಮಾತಿನ ಬೆಲೆ ಇಷ್ಟು!

ಸಂಸತ್ತು 2017ರಲ್ಲಿ ಮಾಡಿದ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕೆಲಸ ಕೊಡುವ ಮುನ್ನ ಈ ರಕ್ತಪರೀಕ್ಷೆಯನ್ನು ಕೇಳಕೂಡದು. ಸೋಂಕಿನ ನೆಪದಲ್ಲಿ ಅನ್ಯಾಯವಾಗಿ ಕೆಲಸದಿಂದ ತೆಗೆಯಕೂಡದು. 100 ಅಥವಾ ಅದಕ್ಕೂ ಹೆಚ್ಚು ಮಂದಿಯಿರುವ ಕಡೆ ದೂರು ಕೇಳುವ ಅಧಿಕಾರಿಯೊಬ್ಬನಿರಬೇಕು. ನಿಮ್ಮ ಗಿರಣಿಯಲ್ಲಿ ಆತ ಯಾರು? ನಾಳೆಯೇ ಮ್ಯಾನೇಜರನ್ನು ಕೇಳಿರಿ.

ಅಂಗಡಿಕಾರ ಮಿತ್ರರೇ, ಒಂದೇ ತಕ್ಕಡಿ ಮುಟ್ಟಿದರೆ, ಒಂದೇ ಲೋಟದಲ್ಲಿ ಚಹ ಕುಡಿದರೆ ಇದು ಅಂಟದು. ನಿಮ್ಮ ಗುಮಾಸ್ತನು ಆಸ್ಪತ್ರೆಗೆಂದು ರಜೆ ಕೇಳಿದರೆ ಸಂಬಳ ಹಿಡಿಯದೆ ಕೊಡಿ. ಕಾಯಿಲೆ ಏನೆಂದು ಕೇಳಬೇಡಿ.