ಗಂಟು ಬಿಚ್ಚುವ ಗೂಟ

(ನೂಲ ಹುಣ್ಣಿಮೆಯಂದು ಯಡ್ರಾಮಿಯಲ್ಲಿ ನಡೆದ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಇಂದು ನುಲಿಯ ಚಂದಯ್ಯ ಶರಣರನ್ನು ನೆನೆಯುವ ದಿನ. ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸಿದವರು ಅವರು. ಅವರ ಬಗ್ಗೆ ಎರಡು ಮಾತಾಡು ಎಂದು ಅಪ್ಪಣೆಯಾದಾಗ ನಾನು ಪುಸ್ತಕ ಹುಡುಕುವುದಕ್ಕಿಂತ ಮೊದಲು ನಮ್ಮ ಮನೆಯ ಅಟ್ಟ ಹುಡುಕಿದೆ. ಅಲ್ಲಿ ಸಿಕ್ಕ ಒಂದು ವಸ್ತುವನ್ನು ಇಲ್ಲಿಗೆ ತಂದಿದ್ದೇನೆ, ನೋಡಿರಿ. ಗೇಣುದ್ದದ ಜಾಲಿ ಕಟ್ಟಿಗೆಯ ತುಂಡು. ಒಂದು ತುದಿ ದಪ್ಪಗಿದೆ, ಅದು ಹಿಡಿಕೆ. ಇನ್ನೊಂದು ತುದಿ ಚೂಪಾಗಿದೆ, ಆದರೆ ಹರಿತವಾಗಿಲ್ಲ. ಬೆರಳಿಟ್ಟು ಒತ್ತಿದರೂ ಚರ್ಮ ಕೊಯ್ಯುವುದಿಲ್ಲ. ಇದಕ್ಕೆ ದೊಡ್ಡ ಹೆಸರೇನೂ ಇರಲಿಲ್ಲ. ನಮ್ಮ ಅಪ್ಪ ಇದನ್ನು ‘ಗೂಟ’ ಎಂದಷ್ಟೇ ಕರೆಯುತ್ತಿದ್ದರು. ಕಗ್ಗಂಟು ಬಿಚ್ಚುವುದಷ್ಟೇ ಇದರ ಕೆಲಸ.

ಇಲ್ಲಿ ಕುಳಿತ ಹಿರಿಯರಿಗೆ ನೆನಪಿರಬಹುದು, ಆಗ ಹಗ್ಗವನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಹೊಲದ ಅಂಚಿಗೆ ಪುಂಡಿ ಹಾಕುತ್ತಿದ್ದೆವು. ಎಲೆ ಪಲ್ಯಕ್ಕೆ, ಕಾಂಡ ಹಗ್ಗಕ್ಕೆ. ಕೊಯ್ದ ಕಾಂಡವನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು, ಒಣಗಿಸಿ ಹೊಸೆಯುತ್ತಿದ್ದರು. ಕಾರಹುಣ್ಣಿಮೆ ಬಂತೆಂದರೆ ಎತ್ತಿಗೆ ಹೊಸ ಕಣ್ಣಿ, ಹೊಸ ಮೂಗುದಾರ. ಅಷ್ಟು ದುಡಿಮೆಯಿಂದ ಆದ ಹಗ್ಗವನ್ನು ಗಂಟು ಬಿತ್ತೆಂದು ಯಾರೂ ಕೊಯ್ದು ಎಸೆಯುತ್ತಿರಲಿಲ್ಲ. ಕೊಯ್ದರೆ ಹಗ್ಗ ಗಿಡ್ಡವಾಗುತ್ತದೆ. ಮತ್ತೆ ಜೋಡಿಸಬೇಕೆಂದರೆ ಇನ್ನೊಂದು ಗಂಟು ಹಾಕಬೇಕಾಗುತ್ತದೆ.

ಮಳೆಯಲ್ಲಿ ನೆನೆದ ಗಂಟು ಎಲ್ಲಕ್ಕಿಂತ ಕೆಟ್ಟದ್ದು. ನಾರು ನೀರು ಕುಡಿದು ಉಬ್ಬಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಹುಡುಗರಾದ ನಾವು ಎರಡೂ ತುದಿ ಹಿಡಿದು ಜಗ್ಗುತ್ತಿದ್ದೆವು. ಅಪ್ಪ ಬೈಯುತ್ತಿದ್ದರು: “ಎಳಿಬ್ಯಾಡ್ರೋ, ಎಳದಂಗೆಲ್ಲ ಬಿಗಿತದ. ಮೊದಲ ಗಂಟಿನ ಮಾರಿ ನೋಡ್ರಿ.” ಆಮೇಲೆ ತಾವೇ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ತಿರುವಿ ತಿರುವಿ ನೋಡುತ್ತಿದ್ದರು. ಯಾವ ಎಳೆ ಯಾವುದರ ಮೇಲೆ ಬಂದಿದೆ, ಎಲ್ಲಿ ಒಂದಿಷ್ಟು ಸಡಿಲವಿದೆ ಎಂದು. ತುದಿಯನ್ನು ಹೊರಕ್ಕೆ ಎಳೆಯದೆ ಗಂಟಿನ ಒಳಕ್ಕೇ ನೂಕಿ, ಆ ಸಡಿಲ ಜಾಗಕ್ಕೆ ಗೂಟದ ಮೊನೆ ಇಟ್ಟು ಮೆಲ್ಲಗೆ ತಿರುವುತ್ತಿದ್ದರು. ಒಂದು ಎಳೆ ಮೇಲೆ ಬಂತೆಂದರೆ ಉಳಿದದ್ದನ್ನು ಬೆರಳೇ ಮಾಡುತ್ತಿತ್ತು.

ಇಂಥ ಸಾಧನ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿರಿ. ಸಮುದ್ರದ ಮೇಲೆ ಹಡಗು ನಡೆಸುವವರ ಬಳಿಯೂ ಇದೆ. ಕಬ್ಬಿಣದ್ದಕ್ಕೆ ಮಾರ್ಲಿನ್‌ಸ್ಪೈಕ್ ಎನ್ನುತ್ತಾರೆ, ಕಟ್ಟಿಗೆಯದಕ್ಕೆ ಫಿಡ್ ಎನ್ನುತ್ತಾರೆ. ಗಂಟು ಬಿಚ್ಚಲೂ ಅದೇ, ಹಗ್ಗದ ಎಳೆ ಬಿಡಿಸಿ ಇನ್ನೊಂದು ಹಗ್ಗವನ್ನು ಹೆಣೆದು ಕೂಡಿಸಲೂ ಅದೇ. ಬಿಡಿಸುವುದೂ ಕೂಡಿಸುವುದೂ ಒಂದೇ ಮೊನೆಯಿಂದ.

ಶಾಲೆಯಲ್ಲಿ ನಾವೆಲ್ಲ ಅಲೆಕ್ಸಾಂಡರನ ಕಥೆ ಓದಿದ್ದೇವೆ. ಕ್ರಿ.ಪೂ. 333ರಲ್ಲಿ ಅವನು ಇಂದಿನ ತುರ್ಕಿಯಲ್ಲಿರುವ ಗಾರ್ಡಿಯಂ ಎಂಬ ಊರಿಗೆ ಬಂದ. ಅಲ್ಲೊಂದು ಗಂಟಿತ್ತು, ಅದನ್ನು ಬಿಚ್ಚಿದವನು ಏಷ್ಯಾ ಆಳುತ್ತಾನೆಂಬ ನಂಬಿಕೆಯಿತ್ತು. ಅವನು ಕತ್ತಿ ಹಿರಿದು ಕಡಿದ, ಲೋಕ ಹೊಗಳಿತು. ಆದರೆ ಆ ಗಂಟು ಯಾವುದರ ಗಂಟು ಗೊತ್ತೇನು? ಬಂಡಿಯ ನೊಗವನ್ನು ಮೂಕಿಗೆ ಬಿಗಿದ ಗಂಟು! ಒಕ್ಕಲಿಗನಾದವನು ಮೊದಲು ಕೇಳುವುದೇ ಬೇರೆ: ಹಗ್ಗ ಕಡಿದ ಮೇಲೆ ಬಂಡಿ ಹೂಡುವುದು ಹ್ಯಾಂಗೆ? ಅವನ ಜೊತೆಗಿದ್ದ ಅರಿಸ್ಟೊಬ್ಯುಲಸ್ ಎಂಬಾತ ಇದನ್ನೇ ಇನ್ನೊಂದು ರೀತಿ ಹೇಳಿದ್ದಾನೆ. ಅಲೆಕ್ಸಾಂಡರ ಕಡಿಯಲಿಲ್ಲ, ಮೂಕಿಯ ನಡುವಿದ್ದ ಗೂಟವನ್ನು ಕಿತ್ತು ಗಂಟು ಸಡಿಲಿಸಿದ ಎಂದು. ಲೋಕ ನೆನಪಿಟ್ಟದ್ದು ಕತ್ತಿಯನ್ನು, ಗೂಟವನ್ನು ಮರೆತುಬಿಟ್ಟಿತು.

ಶರಣರು ಕೈಯ ಸಾಧನಗಳನ್ನು ಮರೆಯಲಿಲ್ಲ. ಮಾದಾರ ಚೆನ್ನಯ್ಯನವರ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗೂಟಗಳು ಕುಳಿತಿವೆ. ಚಂದಯ್ಯನವರದಂತೂ ಹಗ್ಗದ ಬದುಕು. ಶೂನ್ಯಸಂಪಾದನೆಯಲ್ಲಿ ಅವರ ಪ್ರಸಂಗ ಬರುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿತ್ತು. ಬಿಟ್ಟು ಹೋದ ಲಿಂಗ ತನಗೇಕೆಂದು ಅವರು ಕಾಯಕಕ್ಕೆ ನಡೆದರು. ಲಿಂಗ ಬೆನ್ನು ಹತ್ತಿದರೂ ಒಲ್ಲೆನೆಂದರು. ಇದು ಸಣ್ಣ ಗಂಟಲ್ಲ. ಒಂದು ಕಡೆ ಕಾಯಕ, ಇನ್ನೊಂದು ಕಡೆ ಲಿಂಗ. ಯಾವ ತುದಿ ಜಗ್ಗಿದರೂ ಬಿಗಿಯುವುದೇ. ಆಗ ಮಡಿವಾಳ ಮಾಚಯ್ಯನವರು ಬಂದು ಮಾತಿಗೆ ಕುಳಿತರು. ಪ್ರಶ್ನೆ, ಉತ್ತರ, ಮರುಪ್ರಶ್ನೆ. ಕೊನೆಗೆ ಚಂದಯ್ಯನವರು ಲಿಂಗವನ್ನು ಸ್ವೀಕರಿಸಿದರು, ಕಾಯಕವನ್ನೂ ಬಿಡಲಿಲ್ಲ. ಹಗ್ಗದ ಎರಡೂ ತುದಿ ಉಳಿದವು. ಅನುಭಾವವೆಂದರೆ ಇದೇ ಎಂದು ನನಗೆ ತೋರುತ್ತದೆ.

ಇನ್ನೊಂದು ಗಂಟಿನ ಮಾತು. ವಚನಗಳ ಓಲೆಗರಿಯ ಕಟ್ಟುಗಳು ನಮ್ಮವರ ಜಗಲಿಯ ಮೇಲೆ ಬಟ್ಟೆ ಸುತ್ತಿ, ದಾರ ಬಿಗಿದು, ವಿಭೂತಿ ಧರಿಸಿ ಕುಳಿತಿದ್ದವು. ಪೂಜೆ ನಡೆಯುತ್ತಿತ್ತು, ಬಿಚ್ಚುವವರು ಅಪರೂಪ. ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ಅವುಗಳ ದಾರ ಬಿಚ್ಚಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. ಮನೆ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಆ ಗಂಟು ಬಿಚ್ಚದಿದ್ದರೆ ನಾನು ಇಲ್ಲಿ ನಿಂತು ಯಾರ ಮಾತು ಹೇಳುತ್ತಿದ್ದೆ? ಗಂಟನ್ನೇ ಪೂಜಿಸುವುದು ನಮಗೆ ಹಳೆಯ ರೂಢಿ.

ಈಗ ನನ್ನ ಮನೆಯ ಗಂಟು ಹೇಳುತ್ತೇನೆ. ಹೇಳದಿದ್ದರೆ ಈ ಗೂಟ ತಂದದ್ದು ಸುಳ್ಳಾಗುತ್ತದೆ.

ನಾನು ಇಂಥ ವೇದಿಕೆಗಳ ಮೇಲೆ ಒಳಪಂಗಡ ಮೀರಬೇಕೆಂದು ವರ್ಷಗಟ್ಟಲೆ ಮಾತಾಡಿದವನು. ಬಣಜಿಗ, ಪಂಚಮಸಾಲಿ, ಗಾಣಿಗ, ಜಂಗಮ ಎಲ್ಲರೂ ಒಂದೇ ಎಂದವನು. ನನ್ನ ಮಗಳು ಬೇರೆ ಒಳಪಂಗಡದ ಹುಡುಗನನ್ನು ಮೆಚ್ಚಿದ್ದೇನೆಂದು ಹೇಳಿದ ದಿನ ನನ್ನ ಬಾಯಿಂದ ಬಂದ ಮೊದಲ ಮಾತು “ಆಗಂಗಿಲ್ಲ”. ಹುಡುಗ ಲಿಂಗವಂತರ ಮನೆಯವನೇ, ಕಲಿತವನು, ದುಶ್ಚಟವಿಲ್ಲದವನು. ನನ್ನ ಮನೆಯವರು ರೊಟ್ಟಿ ಬಡಿಯುತ್ತಲೇ ಕೇಳಿದರು: “ಮಠದಾಗ ಮಾತಾಡವ್ರು ಬ್ಯಾರೆ, ಮನ್ಯಾಗ ಇರವ್ರು ಬ್ಯಾರೆ ಏನ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. ಶೀಲವಂತ, ಲಾವಣ್ಯರ ಮದುವೆಗಾಗಿ ಹರಳಯ್ಯ, ಮಧುವರಸರು ಎಳೆಹೂಟೆಯ ಶಿಕ್ಷೆ ಉಂಡರು. ಅವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದ ನನಗೆ ಬೀಗರ ಮುಂದೆ ಮುಖ ತೋರಿಸುವ ಅಂಜಿಕೆ!

ನಾನು ಒಪ್ಪಿದ ಮೇಲೆ ನಮ್ಮ ಅಣ್ಣ ಒಪ್ಪಲಿಲ್ಲ. ಎಂಟು ತಿಂಗಳು ಜಗ್ಗಾಡಿದೆವು. ನಾನು ವಚನ ಹೇಳುತ್ತಿದ್ದೆ, ಅವನು ಕುಲಾಚಾರ ಹೇಳುತ್ತಿದ್ದ. ಇಬ್ಬರೂ ಎಳೆದದ್ದೇ ಎಳೆದದ್ದು. ಒಂದು ದಿನ ತೊಗರಿ ಚೀಲ ಹೊಲಿಯುತ್ತ ಕುಳಿತಿದ್ದಾಗ ದಾರ ಗಂಟಾಯಿತು. ದಬ್ಬಣದ ಮೊನೆಯಿಂದ ಬಿಡಿಸುತ್ತಿದ್ದೆ, ಅಪ್ಪನ ಮಾತು ನೆನಪಾಯಿತು. ಗಂಟಿನ ಮಾರಿ ನಾನು ನೋಡಿಯೇ ಇರಲಿಲ್ಲ. ಅಂದು ಸಂಜೆ ಅಣ್ಣನ ಕಟ್ಟೆಗೆ ಹೋಗಿ ವಚನ ಹೇಳಲಿಲ್ಲ. “ಅಣ್ಣಾ, ನಿನಗ ಇದರಾಗ ಚುಚ್ಚೂದು ಯಾವುದು?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅಂದ: “ನನ್ನ ಸಣ್ಣಾಕಿದು ಲಗ್ನ ಇನ್ನಾ ಆಗಬೇಕಲ್ಲೋ ತಮ್ಮ. ನಾಳಿ ಆಕಿನ್ನ ಕೇಳ್ಲಾಕ ಯಾರು ಬರ್ತಾರ?”

ಅಷ್ಟೇ ಇತ್ತು. ಕುಲಾಚಾರವೂ ಅಲ್ಲ, ಧರ್ಮವೂ ಅಲ್ಲ. ಒಬ್ಬ ತಂದೆಯ ಅಂಜಿಕೆ. ಆಕೆಗೆ ವರ ನೋಡುವ ಹೊಣೆ ನನ್ನದೂ ಹೌದೆಂದು ಅವನ ಕೈ ಹಿಡಿದು ಮಾತು ಕೊಟ್ಟೆ. ಮದುವೆಗೆ ಬಂದ, ಅಕ್ಷತೆಯ ಬದಲು ಹೂ ಹಾಕುವಾಗ ಅತ್ತ. ಈಗ ಅವನ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಇನ್ನೂ ಕೂಡಿ ಬಂದಿಲ್ಲ. ಮೊದಲಿಗಿಂತ ಕಷ್ಟವಾಗಿದೆಯೆಂಬುದೂ ನಿಜ. ಅವನ ಅಂಜಿಕೆ ಸುಳ್ಳಾಗಿರಲಿಲ್ಲ. ಅದಕ್ಕೇ ಈ ಗೋಷ್ಠಿಯ ಮುಂದೆ ಹೇಳುತ್ತಿದ್ದೇನೆ. ಒಳಪಂಗಡ ಮೀರಿದ ಮನೆಯ ಹೆಣ್ಣನ್ನು ಕೇಳಿಕೊಂಡು ಬರುವ ಮನೆಗಳು ಈ ಸಭೆಯಲ್ಲೇ ಏಳದಿದ್ದರೆ ನಮ್ಮ ಭಾಷಣಗಳಿಂದ ಏನು ಬಂತು?

ಹಾಗೆಂದು ಎಲ್ಲ ಗಂಟಿಗೂ ತಾಳ್ಮೆಯೇ ಮದ್ದೆಂದು ನಾನು ಹೇಳುವುದಿಲ್ಲ. ಕರುವಿನ ಕೊರಳಿಗೆ ಕಣ್ಣಿ ಸುತ್ತಿ ಕಣ್ಣು ಮೇಲಾದಾಗ ನಮ್ಮ ಅಪ್ಪ ಗೂಟ ಹುಡುಕಲಿಲ್ಲ, ಕುಡಗೋಲು ತಂದು ಹಗ್ಗ ಕೊಯ್ದರು. ನಮ್ಮ ಈ ಭಾಗದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಬಿಡುತ್ತಿದ್ದರು. ಅದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾನೂನು ಮಾಡಿತು. ಆ ದಾರ ಕೊಯ್ಯುವಂಥದ್ದೇ. ಎಳೆಯ ಮಗುವಿನ ಮದುವೆ, ದಲಿತರಿಗೆ ಬಾವಿಯ ನೀರು ಕೊಡದ ಕಟ್ಟುಪಾಡು, ಇವುಗಳ ಮುಂದೆ ಕುಳಿತು ‘ಮೆಲ್ಲಗೆ ತಿರುವೋಣ’ ಎನ್ನುವುದು ಕೊರಳು ಬಿಗಿದವರಿಗೆ ಮಾಡುವ ದ್ರೋಹ. ಉಸಿರು ಕಟ್ಟುತ್ತಿದ್ದರೆ ಕುಡಗೋಲು, ಸಂಬಂಧ ಉಳಿಯಬೇಕಿದ್ದರೆ ಗೂಟ. ಯಾವಾಗ ಯಾವುದು ಎಂದು ತಿಳಿಯುವುದೇ ಅರಿವು.

ನಮ್ಮ ಕಡಕೋಳ ಮಡಿವಾಳಪ್ಪನವರ ಶಿಷ್ಯ ಬಳಗದಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ಅಂಥ ನೆಲದಲ್ಲಿ ಹುಟ್ಟಿದವರು ನಾವು.

ನನ್ನ ಮಾತು ಮುಗಿಯಿತು. ನಮ್ಮ ಸೋದರತ್ತೆ ಮಗಳ ಮದುವೆಗೆ ಬಂದಿರಲಿಲ್ಲ, ಇವತ್ತಿಗೂ ನಮ್ಮ ಹೊಸ್ತಿಲು ತುಳಿದಿಲ್ಲ. ನಾಳೆ ಬೆಳಿಗ್ಗೆ ಅವರ ಊರಿಗೆ ಹೋಗುತ್ತೇನೆ. ಏನು ಚುಚ್ಚುತ್ತದೆಂದು ಅವರನ್ನು ನಾನು ಇನ್ನೂ ಕೇಳಿಲ್ಲ.