ಮೈಕೈ ನೋವಿನ ಹಿಂದೆ ಎಂ.ಡಿ. ಇದ್ದರೆ?



ಕೋಪರಖೈರಣೆ, ಘನ್ಸೋಲಿ, ವಾಶಿ ಕಡೆಯವರಿಗೆ ಎಂ.ಡಿ. ಎಂಬ ಹೆಸರು ಹೊಸದಲ್ಲ. ಹುಡುಗರು 'ಮ್ಯಾಂವ್ ಮ್ಯಾಂವ್' ಎನ್ನುವುದೂ ಇದನ್ನೇ. ಮೆಫೆಡ್ರೋನ್ ಎಂಬ ಉತ್ತೇಜಕ ಪುಡಿ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಇದನ್ನು ಮಾದಕವಸ್ತು ಕಾಯ್ದೆಯಡಿ ತಂದಿತು. ಮಾರಾಟ ಮಾತ್ರ ನಿಂತಿಲ್ಲ.

ಈ ಪುಡಿ ತೆಗೆದುಕೊಂಡವನಿಗೆ ನಿದ್ದೆಯಿಲ್ಲ, ದಣಿವು ಗೊತ್ತಾಗುವುದಿಲ್ಲ. ಮೈ ಕಾಯುತ್ತದೆ, ರಕ್ತನಾಳ ಬಿಗಿಯುತ್ತದೆ. ಕೆಲವರಲ್ಲಿ ಸ್ನಾಯುಗಳ ಎಳೆಗಳೇ ಒಡೆದು, ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮರುದಿನ ಮಗ 'ಅಮ್ಮಾ, ಜಿಮ್‌ನಲ್ಲಿ ಜಾಸ್ತಿ ಆಯ್ತು' ಅನ್ನುತ್ತಾನೆ. ನೀವು ಮುಲಾಮು ಹಚ್ಚಿ, ಒಂದು ನೋವಿನ ಮಾತ್ರೆ ಕೊಡುತ್ತೀರಿ. ಆ ಮಾತ್ರೆಗಳಲ್ಲಿ ಹಲವು ಬಳಲಿದ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತವೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ. ಬಣ್ಣ ಬದಲಾಗದೆಯೂ ಹಾನಿ ಆಗಿರಬಹುದು.

ಅದನ್ನು ಹಿಡಿಯುವುದು ಸಿ.ಪಿ.ಕೆ. ಎಂಬ ರಕ್ತಪರೀಕ್ಷೆ. ಸಾಮಾನ್ಯವಾಗಿ ಸುಮಾರು 200 ಯೂನಿಟ್ ಒಳಗಿರುವ ಅಂಕಿ 1000 ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಹತ್ತಾರು ಸಾವಿರಕ್ಕೂ ಏರುವುದುಂಟು. ಇನ್ನೊಂದು ಸುಳಿವು ಮೂತ್ರದಲ್ಲೇ ಇದೆ: ಪಟ್ಟಿ ಅದ್ದಿದರೆ 'ರಕ್ತವಿದೆ' ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣವೇ ಕಾಣುವುದಿಲ್ಲ. ಹೊತ್ತಿಗೆ ಸರಿಯಾಗಿ ಸಲೈನ್ ಸಿಕ್ಕರೆ ಬಹುಮಂದಿಯ ಮೂತ್ರಪಿಂಡ ಉಳಿಯುತ್ತದೆ.

ಹೃದಯವೂ ಸ್ನಾಯುವೇ ತಾನೆ! ಇಪ್ಪತ್ತೆರಡರ ಹುಡುಗನಿಗೆ ಎದೆನೋವು ಬಂದರೆ ಮನೆಯವರು ಆ್ಯಸಿಡಿಟಿ ಎಂದು ಸುಮ್ಮನಾಗುತ್ತಾರೆ. ಇ.ಸಿ.ಜಿ. ಜೊತೆ ಟ್ರೋಪೋನಿನ್ ಪರೀಕ್ಷೆ ಬೇಕು. ಮೊದಲ ವರದಿ ಸರಿಯಿದ್ದರೂ ಕೆಲವು ತಾಸು ಬಿಟ್ಟು ಮತ್ತೊಮ್ಮೆ ಮಾಡಬೇಕಾಗಬಹುದು, ಏಕೆಂದರೆ ಅದು ಏರಲು ಹೊತ್ತು ಹಿಡಿಯುತ್ತದೆ. ಬಹುಕಾಲ ಸೇವಿಸಿದವರಲ್ಲಿ ಹೃದಯ ಸದ್ದಿಲ್ಲದೆ ದುರ್ಬಲವಾಗಿರುವುದು ಎಕೋ ಪರೀಕ್ಷೆಯಲ್ಲಿ ಕಾಣುತ್ತದೆ.

ಆದರೆ ಏನು ತೆಗೆದುಕೊಂಡಿದ್ದಾನೆಂದು ತಿಳಿಯದೆ ಡಾಕ್ಟರು ಇವನ್ನೆಲ್ಲ ಬರೆದುಕೊಡುವುದಾದರೂ ಹೇಗೆ? ಎದೆಬಡಿತ ಇಳಿಸಲು ಕೊಡುವ ಕೆಲವು ಔಷಧಿಗಳನ್ನು ಇಂಥವರಿಗೆ ಯೋಚಿಸಿಯೇ ಕೊಡಬೇಕು. ನಮ್ಮವರಿಗೆ ಪೊಲೀಸರಿಗಿಂತ ನೆರೆಮನೆಯವರ ಭಯ ಹೆಚ್ಚು. ತಾಯಂದಿರೇ, ಹುಡುಗ ಹೇಳದಿದ್ದರೆ ನೀವೇ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಿ. ಕಾಯ್ದೆಯ 64ಎ ಕಲಮು, ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರುವ ವ್ಯಸನಿಗೆ ಸೇವನೆಯ ಖಟ್ಲೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಅಷ್ಟೆ.

ವ್ಯಸನ ಬಿಡಿಸುವ ಸಲಹೆಗೆ 14446ಕ್ಕೆ ಫೋನ್ ಮಾಡಿ. ಎದೆನೋವು, ಕಪ್ಪು ಮೂತ್ರ, ಸುಡುವ ಮೈ, ತಪ್ಪುವ ಪ್ರಜ್ಞೆ ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ.