ರೇಡಿಯೋಕ್ಕೆ ಕನ್ನಡ ಓದಲು ಬರುವುದಿಲ್ಲ!

(ಮಂಗಳೂರಿನ ಮುದ್ರಣಾಲಯ ಮಾಲೀಕರೊಬ್ಬರು ನಗರದ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮದುವೆ ಕಾಗದ, ಬಿಲ್ ಪುಸ್ತಕ, ಕೋಲದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು... ಇಷ್ಟೇ ನನ್ನ ಸಾಹಿತ್ಯ. ಹಾಗಾಗಿ ಪಂಪನಿಂದ ಶುರುಮಾಡುವ ಧೈರ್ಯ ನನಗಿಲ್ಲ. ಒಂದು ರೇಡಿಯೋದಿಂದ ಶುರುಮಾಡುತ್ತೇನೆ.

ಅಲ್ಲಿ ಹಿಂದಿನ ಸಾಲಿನಲ್ಲಿ ನಗುತ್ತಿದ್ದೀರಿ. ಕೈಯಲ್ಲಿ ಮೊಬೈಲ್ ಇರುವಾಗ ರೇಡಿಯೋ ಎಂತಕ್ಕೆ ಮಾರಾಯ್ರೆ ಎಂದು! ನಿಮಗೆ ಬೇಡದಿರಬಹುದು. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆಯೇ? ಹಾಗಿದ್ದರೆ ಸ್ವಲ್ಪ ಕೇಳಿ.

ನಮ್ಮ ಮನೆಯಲ್ಲಿ ಒಂದು ಹಳೆ ರೇಡಿಯೋ ಇತ್ತು. ಅದರ ಜೊತೆಗೆ ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕ. ಹೌದು, 1980ರ ದಶಕದ ನಡುವಿನವರೆಗೆ ರೇಡಿಯೋ ಇಟ್ಟುಕೊಳ್ಳಲು ಸರ್ಕಾರಕ್ಕೆ ವರ್ಷ ವರ್ಷ ಹಣ ಕಟ್ಟಬೇಕಿತ್ತು! ಮಂಗಳೂರಿಗೆ ಆಕಾಶವಾಣಿ ಕೇಂದ್ರ ಬಂದದ್ದು 1976ರಲ್ಲಿ. ಅಪ್ಪ ಆ ರೇಡಿಯೋದ ಗಾಜಿನ ಮೇಲೆ ಪ್ರೆಸ್ಸಿನ ಕೆಂಪು ಶಾಯಿಯಲ್ಲಿ ಮೂರು ಗೆರೆ ಎಳೆದಿದ್ದರು. ಒಂದು ಮಂಗಳೂರು, ಒಂದು ಧಾರವಾಡ, ಒಂದು ಬೆಂಗಳೂರು. ಅಮ್ಮ ಕಿವಿ ಹಿಂಡಿ ಮುಳ್ಳನ್ನು ಗೆರೆಗೆ ತಂದು ನಿಲ್ಲಿಸಿದರೆ ಮುಗಿಯಿತು. ಅಮ್ಮನ ತವರು ಕುಂಬಳೆ ಕಡೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ತುಳು, ಓದುವುದು ಕನ್ನಡ, ಬೇರೆ ಅಕ್ಷರ ಗೊತ್ತಿಲ್ಲ. ರೇಡಿಯೋದಲ್ಲಿ ತಾಳಮದ್ದಳೆ ಬಂದರೆ ಅಡುಗೆ ಮನೆಯಲ್ಲಿ ಸಾರು ಉಕ್ಕಿದರೂ ಏಳುತ್ತಿರಲಿಲ್ಲ. ಶೇಣಿಯವರ ಅರ್ಥ ಎಂದರೆ ಅವರಿಗೆ ತವರಿನ ಕಾಗದ ಬಂದ ಹಾಗೆ.

ಆ ರೇಡಿಯೋ ಸತ್ತಿತು. ರಿಪೇರಿಯವನು ಕೈಯೆತ್ತಿದ. ಆಗ ಅಕ್ಕನ ಮಗ ದುಬೈಯಿಂದ ರಜೆಯಲ್ಲಿ ಬರುವಾಗ ಹೊಸತೊಂದನ್ನು ತಂದ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿತ್ತು: ಡಿಜಿಟಲ್ ರೇಡಿಯೋ, ಇಂಟರ್‌ನೆಟ್ ರೇಡಿಯೋ, ಎಫ್‌ಎಂ. ಲೋಕದ ಸಾವಿರಾರು ಕೇಂದ್ರಗಳು ಇದರೊಳಗೆ ಉಂಟಂತೆ! ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು, "ಮಗಾ, ಇದಕ್ಕೆ ಕಿವಿಯೇ ಇಲ್ಲವಲ್ಲ, ಎಲ್ಲಿ ಹಿಂಡುವುದು?"

ಮೊದಲು ‘ಡಿಜಿಟಲ್’ ಒತ್ತಿದೆವು. ಯಂತ್ರ ಹುಡುಕಿತು, ಹುಡುಕಿತು... ಸಿಕ್ಕಿದ ಕೇಂದ್ರಗಳು ಸೊನ್ನೆ! ಸೆಟ್ ಹಾಳಾಗಿದೆ ಎಂದುಕೊಂಡೆವು. ಹಾಳಾಗಿರಲಿಲ್ಲ. ಅದರಲ್ಲಿದ್ದದ್ದು ಡಿಎಬಿ ಎಂಬ ಪದ್ಧತಿ. ಯುರೋಪಿನಲ್ಲಿ ಅದೇ ನಡೆಯುವುದು. ನಾರ್ವೆ ದೇಶ 2017ರಲ್ಲಿ ರಾಷ್ಟ್ರಮಟ್ಟದ ಎಫ್‌ಎಂ ಪ್ರಸಾರ ನಿಲ್ಲಿಸಿ ಡಿಎಬಿಗೆ ಹೋಯಿತು. ನಮ್ಮ ಆಕಾಶವಾಣಿ ಹಿಡಿದ ದಾರಿ ಬೇರೆ, ಅದರ ಹೆಸರು ಡಿಆರ್‌ಎಂ. ದೇಶದಲ್ಲಿ 35ರಷ್ಟು ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳನ್ನು ಈ ಪದ್ಧತಿಗೆ ಸಜ್ಜುಗೊಳಿಸಿದರು. ಬೆಂಗಳೂರು, ಧಾರವಾಡ ಆ ಪಟ್ಟಿಯಲ್ಲಿವೆ. ಡಿಆರ್‌ಎಂನಲ್ಲಿ ಒಂದೇ ತರಂಗಾಂತರದಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ ಕಳಿಸಬಹುದು, ಜೊತೆಗೆ ಪರದೆಗೆ ಅಕ್ಷರಗಳನ್ನೂ ಕಳಿಸಬಹುದು. ಹಳೆ ರೇಡಿಯೋದ ಕರಕರ ಇಲ್ಲ. ಆದರೆ ಬಂದರೆ ಪೂರ್ತಿ ಬರುತ್ತದೆ, ಸಿಗ್ನಲ್ ಸಾಲದಿದ್ದರೆ ಪೂರ್ತಿ ಮೌನ. ಅರ್ಧಂಬರ್ಧ ಕೇಳುವ ಸುಖವೂ ಇಲ್ಲ.

ತೊಂದರೆ ಎಂದರೆ ಡಿಆರ್‌ಎಂ ಹಿಡಿಯುವ ಸೆಟ್ಟುಗಳು ಅಂಗಡಿಯಲ್ಲಿ ಕಾಣುವುದು ಅಪರೂಪ, ಕಂಡರೆ ದುಬಾರಿ. ಹೊಸ ಕಾರುಗಳಲ್ಲಿ ಕೆಲವಕ್ಕೆ ಅದನ್ನು ಕೂರಿಸಿ ಕೊಡುತ್ತಾರೆ. ಕಾರಿದ್ದವನಿಗೆ ಡಿಜಿಟಲ್ ಕನ್ನಡ, ಅಡುಗೆ ಮನೆಗೆ ಕರಕರ! ಖಾಸಗಿ ಎಫ್‌ಎಂನವರಿಗೆ ಡಿಜಿಟಲ್ ತರುವ ಬಗ್ಗೆ ಟ್ರಾಯ್ 2025ರಲ್ಲಿ ಶಿಫಾರಸು ಮಾಡಿದೆ. ಅದು ಹೆಸರಿಸಿದ್ದು 13 ದೊಡ್ಡ ನಗರಗಳನ್ನು. ಬೆಂಗಳೂರು ಉಂಟು, ಮಂಗಳೂರು ಇಲ್ಲ. ಆದ್ದರಿಂದ ಗಲ್ಫಿನಿಂದಲೋ ಲಂಡನ್ನಿನಿಂದಲೋ ಯಾರಾದರೂ ‘ಡಿಜಿಟಲ್ ರೇಡಿಯೋ ತರಲಾ?’ ಎಂದು ಕೇಳಿದರೆ ಮೊದಲು ಡಿಎಬಿಯೋ ಡಿಆರ್‌ಎಂಮೋ ಕೇಳಿ. ಡಿಎಬಿಗೆಂದು ಕೊಟ್ಟ ಹಣ ಇಲ್ಲಿ ನೇತ್ರಾವತಿಗೆ ಹಾಕಿದ ಹಾಗೆ.

ಇನ್ನು ಇಂಟರ್‌ನೆಟ್. ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಮನೆಯ ವೈಫೈಗೆ ಜೋಡಿಸಿದರೆ ಆಯಿತು, ಏರಿಯಲ್ ಬೇಡ. ಗುಡ್ಡ ಅಡ್ಡ ಬಂದರೂ ತೊಂದರೆ ಇಲ್ಲ. ಡೇಟಾ ಸುಟ್ಟುಹೋಗುತ್ತದೆ ಎಂದು ಹೆದರುವವರಿಗೆ ಲೆಕ್ಕ ಹೇಳುತ್ತೇನೆ: ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರ ಗಂಟೆಗೆ 29 ಎಂಬಿಯೊಳಗೆ ಮುಗಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಳಿದರೂ 115 ಎಂಬಿ. ನೀವು ರೀಲ್ಸ್ ನೋಡುವುದರ ಮುಂದೆ ಅದು ಉಪ್ಪಿನಕಾಯಿ. ಒಂದೇ ಎಚ್ಚರಿಕೆ, ಅದರ ಸದ್ದು ಕೇಳಿ ಗಡಿಯಾರ ಸರಿಮಾಡಬೇಡಿ. ಧ್ವನಿ ಒಂದಿಷ್ಟು ಶೇಖರವಾದ ಮೇಲೆಯೇ ನುಡಿಯುವುದರಿಂದ ಎಫ್‌ಎಂಗಿಂತ ಹಿಂದೆ ಓಡುತ್ತದೆ.

ಈಗ ಬಂತು ನನ್ನ ಹೊಟ್ಟೆಕಿಚ್ಚಿನ ವಿಷಯ.

ಕೇಂದ್ರಗಳ ಪಟ್ಟಿ ತೆರೆದೆ. ಭಾಷೆ ಆರಿಸು ಎಂದಿತು. ಇಂಗ್ಲಿಷ್, ಅರಬಿ, ಫ್ರೆಂಚ್, ಹಿಂದಿ... ಕನ್ನಡ ಎಲ್ಲಿ? ಇತ್ತು, ಇಲ್ಲವೆನ್ನಲಾರೆ. ಆದರೆ ಅದರೊಳಗೆ ನಾಲ್ಕೈದೇ ಹೆಸರು. ಉಳಿದ ಕನ್ನಡ ಕೇಂದ್ರಗಳು ಎಲ್ಲಿ ಹೋದವು ಎಂದು ಹುಡುಕಿದರೆ ಒಂದು ‘ಹಿಂದಿ’ಯ ಕೆಳಗೆ, ಇನ್ನೊಂದು ‘ಬಾಲಿವುಡ್’ ಕೆಳಗೆ! ಮಂಗಳೂರಿನ ಗಾಳಿಯಲ್ಲಿ ದಿನಾ ಕೇಳುವ ತುಳು, ಕೊಂಕಣಿ, ಬ್ಯಾರಿಯ ಹೆಸರೇ ಆ ಪಟ್ಟಿಯಲ್ಲಿಲ್ಲ. ಯಾರೋ ಎಲ್ಲೋ ಕೂತು ಭಾರತ ಎಂದರೆ ಹಿಂದಿ ಎಂದು ಒತ್ತಿಬಿಟ್ಟಿದ್ದಾನೆ. ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನ ಎಂತ? ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಸರಿ, ಒಂದು ಕನ್ನಡ ಕೇಂದ್ರ ಒತ್ತಿದೆ. ಧ್ವನಿ ಸ್ಫಟಿಕದ ಹಾಗೆ ಬಂತು. ಪರದೆಯಲ್ಲಿ ಹಾಡಿನ ಹೆಸರು ಮೂಡಬೇಕಿತ್ತಲ್ಲ, ಮೂಡಿದ್ದು ಏನು ಗೊತ್ತೇ? ಖಾಲಿ ಚೌಕಗಳು! ಸಾಲಾಗಿ ಎಂಟು ಚೌಕ. ನಾಲಿಗೆ ಕನ್ನಡ, ಮುಖ ಕುರುಡು.

ನಾನು ಅಕ್ಷರ ಮಾರಿ ಬದುಕುವವನು. ಆ ಎಂಟು ಚೌಕ ಕಂಡಾಗ ನನ್ನ ಅಂಗಡಿಯ ಬೋರ್ಡಿಗೆ ಯಾರೋ ಡಾಂಬರು ಬಳಿದ ಹಾಗಾಯಿತು. ಇದು ಯಾವ ಊರು? 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಿದ್ದ ಊರು. ಅದನ್ನು ತಂದ ಮೋಗ್ಲಿಂಗ್ ಜರ್ಮನಿಯವನು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಹಡಗಿನಲ್ಲಿ ಬಂದ ಪರದೇಶಿಗಳು ಇಲ್ಲಿ ಕೂತು ಕನ್ನಡದ ಒತ್ತಕ್ಷರ ಕಲಿತರು. ವಿಮಾನದಲ್ಲಿ ಬಂದ ಪೆಟ್ಟಿಗೆಗೆ ಬರುವುದಿಲ್ಲವಂತೆ!

ಕಷ್ಟವೇ? ಕಷ್ಟ ಹೌದು, ಅಸಾಧ್ಯ ಅಲ್ಲ. ‘ಕರ್ನಾಟಕ’ ಎಂದೇ ಬರೆಯಿರಿ. ಬಾಯಲ್ಲಿ ‘ರ್’ ಮೊದಲು, ‘ನಾ’ ಆಮೇಲೆ. ಕಾಗದದಲ್ಲಿ ‘ನಾ’ ಮೊದಲು, ಅರ್ಕಾವೊತ್ತು ಆಮೇಲೆ. ನಮ್ಮ ರಾಜ್ಯದ ಹೆಸರೇ ಯಂತ್ರಕ್ಕೊಂದು ಪರೀಕ್ಷೆ! ಅಪ್ಪನ ಕಾಲದಲ್ಲಿ ಇದಕ್ಕಾಗಿಯೇ ಅಚ್ಚುಮೊಳೆಯ ಕೇಸಿನಲ್ಲಿ ನೂರಾರು ಖಾನೆಗಳಿದ್ದವು. ಕಂಪ್ಯೂಟರ್ ಬಂದಾಗ ಇದೇ ಗೋಳು ಹೇಳಿದರು, ಕನ್ನಡ ಆಗುವುದಿಲ್ಲ ಎಂದು. ಮಾಡಿ ತೋರಿಸಿದವರು ಯಾರು? ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರು. ಅವರು ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದರು, ‘ಸೇಡಿಯಾಪು’ ಎಂದು ವಿದ್ವಾಂಸರ ಹೆಸರಿಟ್ಟ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ಇವತ್ತು ನುಡಿಯಲ್ಲಿ ನೀವು ಒತ್ತುವ ಕೀಲಿಗಳ ಜೋಡಣೆ ಅವರದು. 1991ರಲ್ಲೇ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನ ಕಾದಿರಿಸಿತು. ನಿಮ್ಮ ಮೊಬೈಲು ಕನ್ನಡ ತೋರಿಸುತ್ತದೆ. ಹಾಗಾದರೆ ರೇಡಿಯೋ ಯಾಕೆ ತೋರಿಸುವುದಿಲ್ಲ? ಅದರ ಚಿಪ್ಪಿನಲ್ಲಿ ಕನ್ನಡದ ಫಾಂಟು ಹಾಕಿಲ್ಲ, ಒತ್ತು ಜೋಡಿಸುವ ಸೂತ್ರ ಹಾಕಿಲ್ಲ, ಅಷ್ಟೇ. ಹಾಕದಿರಲು ಕಾರಣ ಹಾಕಿ ಎಂದು ಗಿರಾಕಿ ಕೇಳಲಿಲ್ಲ.

ಕಾನೂನು ಇಲ್ಲವೇ ಎನ್ನುತ್ತೀರಿ. ಉಂಟು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022. ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಸುವ ವಿವರ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಲೇಬಲ್ ಹೊಡೆಯುವ ನನ್ನಂಥವರಿಗೆ ಅದರಿಂದ ನಾಲ್ಕು ಕಾಸೂ ಆಗುತ್ತದೆ, ಮುಚ್ಚಿಡುವುದೇಕೆ! ಆದರೆ ಹೊರಗೆ ತಯಾರಾಗಿ ಬಂದ ಪೆಟ್ಟಿಗೆಯ ಪರದೆಗೆ ಅದು ತಲುಪುವುದಿಲ್ಲ. ಅಲ್ಲಿ ಗಿರಾಕಿಯ ಬಾಯಿಯೇ ಕಾನೂನು.

ನಾನು ಕಂಪನಿಗೆ ಕಾಗದ ಬರೆದೆ. ಅಕ್ಕನ ಮಗ ಇಂಗ್ಲಿಷಿಗೆ ತಿರುಗಿಸಿದ, ನಾನು ಕನ್ನಡವನ್ನೂ ಮೇಲೆ ಇಟ್ಟೆ. ಹಿಂದಿಯ ಕೆಳಗಿದ್ದ ಕೇಂದ್ರದ ಹೆಸರು ಬರೆದು, ಇದು ಕನ್ನಡದ್ದು, ಜಾಗ ಬದಲಿಸಿ ಎಂದೆ. ಎರಡು ವಾರ ಬಿಟ್ಟು ಉತ್ತರ ಬಂತು, ಬದಲಿಸಿದ್ದೇವೆ ಎಂದು. ನೋಡಿದರೆ ನಿಜವಾಗಿಯೂ ಕನ್ನಡದ ಕೆಳಗೆ ಬಂದಿದೆ! ಚೌಕಗಳ ಬಗ್ಗೆ ಮಾತ್ರ ‘ನಮ್ಮ ತಂಡಕ್ಕೆ ತಿಳಿಸಿದ್ದೇವೆ’ ಎಂದಿದ್ದರು. ಒಂದು ಕಾಗದಕ್ಕೆ ಒಂದು ಕೇಂದ್ರ ಜಾಗಕ್ಕೆ ಬಂತು. ಇಲ್ಲಿ ನೀವು ಎಷ್ಟು ಜನ ಇದ್ದೀರಿ?

ಈ ಪಟ್ಟಿಯನ್ನು ಸಣ್ಣ ವಿಷಯ ಎನ್ನಬೇಡಿ. ಇಂಟರ್‌ನೆಟ್ ರೇಡಿಯೋದ ಜೀವ ಇರುವುದೇ ಎಲ್ಲೋ ದೂರದ ಕಂಪ್ಯೂಟರಿನ ಪಟ್ಟಿಯಲ್ಲಿ. ರೆಸಿವಾ ಎಂಬ ಪಟ್ಟಿಯ ಸೇವೆ 2021ರಲ್ಲಿ ಬಾಗಿಲು ಹಾಕಿದಾಗ ಅದನ್ನೇ ನಂಬಿದ್ದ ಎಷ್ಟೋ ರೇಡಿಯೋಗಳು ಲೋಕದಾದ್ಯಂತ ಮೂಕವಾದವು. ಸೆಟ್ ಗಟ್ಟಿಯಾಗಿಯೇ ಇತ್ತು, ಕೇಳಲು ಏನೂ ಇರಲಿಲ್ಲ. ಅಪ್ಪನ ಕೆಂಪು ಗೆರೆಯನ್ನು ಯಾವ ಕಂಪನಿಯೂ ಅಳಿಸಲು ಆಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಎಫ್‌ಎಂ ಇಲ್ಲದ ಸೆಟ್ ಕೊಳ್ಳಬೇಡಿ. ಪ್ರಸಾರದ ವಿಳಾಸವನ್ನು ನಾವೇ ಸೇರಿಸಲು ಬಿಡುವ ಸೆಟ್ ಆರಿಸಿ. ರೇಡಿಯೋ ಬ್ರೌಸರ್ ಎಂಬ ಸಾರ್ವಜನಿಕ ಪಟ್ಟಿಯೊಂದು ಉಂಟು, ಅದರಲ್ಲಿ ಯಾರು ಬೇಕಾದರೂ ಕೇಂದ್ರ ಸೇರಿಸಬಹುದು, ಭಾಷೆ ನಮೂದಿಸಬಹುದು. ನಿಮಗೆ ಅರ್ಧ ಗಂಟೆಯ ಕೆಲಸ.

ಅಮ್ಮನ ಕತೆ ಅರ್ಧಕ್ಕೆ ನಿಂತಿತು. ಮೊದಲ ಹತ್ತು ದಿನ ಅವರು ಆ ರೇಡಿಯೋ ಮುಟ್ಟಲಿಲ್ಲ. ನಾನು ಪ್ರೆಸ್ಸಿಗೆ ಹೋಗುವಾಗ ಹಾಕಿಕೊಟ್ಟರೆ ಸಂಜೆಯವರೆಗೆ ಅದೇ ಕೇಂದ್ರ. ಕರೆಂಟು ಹೋಗಿ ಬಂದರೆ ಅದೂ ಇಲ್ಲ, ಮೌನ. ಲೋಕದ ಸಾವಿರಾರು ಕೇಂದ್ರ ಬಂದು ನನ್ನ ಅಮ್ಮನಿಂದ ಇದ್ದ ಒಂದು ಕೇಂದ್ರವನ್ನೂ ಕಿತ್ತುಕೊಂಡಿತು. ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ನೋಡುತ್ತೇನೆ, ಸತ್ತ ಹಳೆ ರೇಡಿಯೋವನ್ನು ಒರೆಸಿ ಕಪಾಟಿನ ಮೇಲೆ ಮತ್ತೆ ಇಟ್ಟಿದ್ದಾರೆ. ನನಗೆ ಅನ್ನ ಇಳಿಯಲಿಲ್ಲ.

ಸಂಜೆ ಸೆಟ್ಟನ್ನು ಪ್ರೆಸ್ಸಿಗೆ ಒಯ್ದೆ. ಮುಂಭಾಗದಲ್ಲಿ 1ರಿಂದ 6ರವರೆಗೆ ಬಟನ್ ಉಂಟಲ್ಲ, ಒಂದೊಂದಕ್ಕೆ ಒಂದೊಂದು ಕೇಂದ್ರ ಕಟ್ಟಿದೆ. ಒಂದಕ್ಕೆ ಮಂಗಳೂರು ಆಕಾಶವಾಣಿ, ಎಫ್‌ಎಂ 100.3, ಇಂಟರ್‌ನೆಟ್ ಸತ್ತರೂ ಅದು ಸಾಯಬಾರದು. ಎರಡಕ್ಕೆ ಸಂತ ಅಲೋಶಿಯಸ್ ಕಾಲೇಜಿನಲ್ಲಿ 2009ರಲ್ಲಿ ಶುರುವಾದ ಸಮುದಾಯ ರೇಡಿಯೋ ಸಾರಂಗ್, 107.8. ಮೂರಕ್ಕೆ ಧಾರವಾಡ, ನಾಲ್ಕಕ್ಕೆ ಬೆಂಗಳೂರಿನ ಕನ್ನಡ ಕಾಮನಬಿಲ್ಲು, ಐದಕ್ಕೆ 2016ರಲ್ಲಿ ಆರಂಭವಾದ ಶಾಸ್ತ್ರೀಯ ಸಂಗೀತದ ರಾಗಂ. ಈ ಮೂರೂ ಇಂಟರ್‌ನೆಟ್ಟಿನಲ್ಲಿ. ಆರು ಖಾಲಿ ಬಿಟ್ಟೆ. ಆಮೇಲೆ ಬಟನಿನ ಅಳತೆ ತೆಗೆದು, ದಪ್ಪ ಅಕ್ಷರದಲ್ಲಿ, ಹಳದಿ ಸ್ಟಿಕ್ಕರಿನ ಮೇಲೆ ಕಪ್ಪು ಶಾಯಿಯಲ್ಲಿ ಕನ್ನಡ ಹೆಸರು ಹೊಡೆದು ಅಂಟಿಸಿದೆ. ‘ಮಂಗಳೂರು’ ಮಾತ್ರ ಕೆಂಪು.

ಅಮ್ಮ ಕನ್ನಡಕ ಹಾಕಿ ಒಂದೊಂದೇ ಓದಿದರು. ಯಾರನ್ನೂ ಕೇಳದೆ ಒಂದನ್ನು ಒತ್ತಿದರು. ಈಗ ಆರನೆಯದಕ್ಕೆ ಎಂತ ಹಾಕಿಸುವುದು ಎಂದು ಅವರದ್ದೂ ಮೊಮ್ಮಗಳದ್ದೂ ಜಗಳ ನಡೆದಿದೆ.

‘ಆಕಾಶವಾಣಿ’ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟದ್ದು ನಮ್ಮ ಮೈಸೂರು. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ನಡೆಸಿದ ಕೇಂದ್ರಕ್ಕೆ ಇದ್ದ ಹೆಸರು ಅದು. ಆಮೇಲೆ ದೇಶವೇ ಅದನ್ನು ತೆಗೆದುಕೊಂಡಿತು. 2023ರಲ್ಲಿ ಇಂಗ್ಲಿಷಿನಲ್ಲೂ ಆಲ್ ಇಂಡಿಯಾ ರೇಡಿಯೋ ಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂದು ಪ್ರಸಾರ ಭಾರತಿ ತೀರ್ಮಾನಿಸಿತು. ನನ್ನ ಸೆಟ್ಟಿನ ಪರದೆಯಲ್ಲಿ ಆ ಪದ ಕನ್ನಡದಲ್ಲಿ ಬಂದರೆ ಇವತ್ತಿಗೂ ಚೌಕಗಳೇ.

ನಿಮ್ಮ ಮನೆಯ ರೇಡಿಯೋದ್ದೂ ಹೀಗೇ ಇದ್ದರೆ ಬಟನುಗಳ ಅಳತೆ ಬರೆದುಕೊಂಡು ಪ್ರೆಸ್ಸಿಗೆ ಬನ್ನಿ. ಸ್ಟಿಕ್ಕರ್ ಹೊಡೆದು ಕೊಡುತ್ತೇನೆ, ಹಣ ಬೇಡ. ಕಂಪನಿಗೆ ಬರೆದ ಕಾಗದದ ಪ್ರತಿಯೊಂದನ್ನು ಜೊತೆಗೆ ತನ್ನಿ, ಅದೇ ಬಿಲ್ಲು. ಭಾನುವಾರ ರಜೆ.